ಖರ್ಚು ಯಾವ ಜೇಬಿನಿಂದ? ಮ್ಯಾಜಿಕ್ ಕಾರ್ಡ್ ಊಹಿಸುವ ನನ್ನ ದಾರಿ

ಮ್ಯಾಜಿಕ್: ದಿ ಗ್ಯಾದರಿಂಗ್ ಅನ್ನುವ ಕಾರ್ಡ್ ಆಟ ಆಡುವವರಿಗೆ ಎರಡು ಚಟ. ಒಂದು ಆಡುವುದು. ಇನ್ನೊಂದು, ಮುಂದಿನ ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ಬಿಡುಗಡೆಯಾಗುವ ಹೊಸ ಕಾರ್ಡ್‌ಗಳ ಕಂತಿನಲ್ಲಿ, ಏನು ಬರಬಹುದು ಅಂತ ಊಹಿಸುತ್ತಾ ಕೂರುವುದು. ನನಗೆ ಎರಡನೆಯದೇ ಜಾಸ್ತಿ. ಊಹಿಸಿ ಊಹಿಸಿ ಕೊನೆಗೆ ನಾನೇ ಕಾರ್ಡ್ ಬರೆಯುವುದಕ್ಕೂ ಶುರು ಮಾಡಿದೆ. ಅದನ್ನು ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇಬ್ಬರು ಮಾಂತ್ರಿಕರು, ಒಬ್ಬೊಬ್ಬರಿಗೆ 20 ಜೀವ. ಪ್ರತಿ ಸರದಿಯಲ್ಲಿ ಒಂದು ಲ್ಯಾಂಡ್ ಕಾರ್ಡ್ ಇಳಿಸಬಹುದು. ಲ್ಯಾಂಡನ್ನು ಅಡ್ಡ ತಿರುಗಿಸಿದರೆ, ಅಂದರೆ ಟ್ಯಾಪ್ ಮಾಡಿದರೆ, ಮಾನಾ ಸಿಗುತ್ತದೆ. ಆ ಮಾನಾ ಕೊಟ್ಟು ಮಂತ್ರ ಹಾಕಬೇಕು, ಪ್ರಾಣಿ ಇಳಿಸಬೇಕು. ಮಾನಾಗೆ ಐದು ಬಣ್ಣ: ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು. ಒಂದೊಂದು ಬಣ್ಣಕ್ಕೂ ಒಂದೊಂದು ಗುಣ.

ಊಹಿಸುವವರಲ್ಲಿ ಹೆಚ್ಚಿನವರು ಕಾರ್ಡ್ ಏನು ಮಾಡುತ್ತದೆ ಅನ್ನುವುದರಿಂದ ಶುರು ಮಾಡುತ್ತಾರೆ. ಹೀಗೊಂದು ಡ್ರ್ಯಾಗನ್ ಬಂದರೆ? ಹಾಗೊಂದು ಮಂತ್ರ ಬಂದರೆ? ನಾನು ಹಾಗೆ ಮಾಡುವುದಿಲ್ಲ. ಇಷ್ಟು ವರ್ಷದಲ್ಲಿ ಈ ಆಟದ ಕಾರ್ಡ್‌ಗಳು ಮಾಡುವ ಕೆಲಸ ಅಷ್ಟೇನೂ ಬದಲಾಗಿಲ್ಲ. ಹೊಡೆಯುವುದು, ಕಾರ್ಡ್ ಎತ್ತುವುದು, ಪ್ರಾಣಿ ದೊಡ್ಡದು ಮಾಡುವುದು, ಎದುರಾಳಿಯ ಮಂತ್ರ ತಡೆಯುವುದು. ಬದಲಾಗುತ್ತಾ ಬಂದಿದ್ದು ಆ ಕೆಲಸಕ್ಕೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು. ಆಟಗಾರನ ಹತ್ತಿರ ಎಷ್ಟೋ ಜೇಬುಗಳಿವೆ. ಮಾನಾ ಒಂದು ಜೇಬು, ಜೀವ ಒಂದು, ಕೈಯಲ್ಲಿರುವ ಕಾರ್ಡ್ ಒಂದು, ಬಳಸಿ ಬಿಸಾಕಿದ ಕಾರ್ಡ್ ಸೇರುವ ಗ್ರೇವ್‌ಯಾರ್ಡ್ ಇನ್ನೊಂದು. ಹೊಸ ಮೆಕ್ಯಾನಿಕ್ (ಹಲವು ಕಾರ್ಡ್‌ಗಳಿಗೆ ಅನ್ವಯಿಸುವ ಆಟದ ನಿಯಮ) ಅಂದರೆ ಹೆಚ್ಚಿನ ಸಲ ಹೊಸ ಜೇಬಿಗೆ ಕೈ ಹಾಕುವುದು.

ಒಂದೇ ಕಾರ್ಡ್ ಹಿಡಿದುಕೊಂಡು ಹೊರಟರೆ ಇದು ಚೆನ್ನಾಗಿ ಕಾಣುತ್ತದೆ. 1993ರಲ್ಲಿ ಮೊದಲ ಸೆಟ್ ಬಂದಾಗ ಆಟ ಕಂಡುಹಿಡಿದ ರಿಚರ್ಡ್ ಗಾರ್ಫೀಲ್ಡ್ ಒಂದು ಚಂದದ ಐದರ ಗುಂಪು ಮಾಡಿದ್ದರು. ಬಣ್ಣಕ್ಕೊಂದು ಕಾರ್ಡ್, ಎಲ್ಲಕ್ಕೂ ಬೆಲೆ ಒಂದೇ ಮಾನಾ, ಎಲ್ಲವೂ ಮೂರರ ಲೆಕ್ಕ. ಕೆಂಪಿನ ಲೈಟ್ನಿಂಗ್ ಬೋಲ್ಟ್ ಮೂರು ಏಟು ಕೊಡುತ್ತದೆ. ಹಸಿರಿನ ಜೈಂಟ್ ಗ್ರೋತ್ ಪ್ರಾಣಿಯ ಬಲ ಮೂರು, ತಾಳಿಕೆ ಮೂರು ಹೆಚ್ಚಿಸುತ್ತದೆ. ಕಪ್ಪಿನ ಡಾರ್ಕ್ ರಿಚುಯಲ್ ಮೂರು ಮಾನಾ ಕೊಡುತ್ತದೆ. ಬಿಳಿಯ ಹೀಲಿಂಗ್ ಸಾಲ್ವ್ ಮೂರು ಜೀವ ಕೊಡುತ್ತದೆ, ಇಲ್ಲವೇ ಮೂರು ಏಟು ತಡೆಯುತ್ತದೆ. ನೀಲಿಯ ಆನ್ಸೆಸ್ಟ್ರಲ್ ರಿಕಾಲ್‌ನಿಂದ ಮೂರು ಕಾರ್ಡ್ ಎತ್ತಬಹುದು. ಕಾಗದದ ಮೇಲೆ ಐದೂ ಸಮ. ಆಟದಲ್ಲಿ? ಹೀಲಿಂಗ್ ಸಾಲ್ವನ್ನು ಯಾರೂ ಮೂಸಿ ನೋಡುವುದಿಲ್ಲ. ರಿಕಾಲ್ ಆಟದ ಇತಿಹಾಸದಲ್ಲೇ ಅತಿ ಬಲದ ಕಾರ್ಡ್‌ಗಳಲ್ಲಿ ಒಂದು. ಯಾವ ಕಾರ್ಡ್ ಆಡಬಹುದು ಅನ್ನುವುದರ ಮೇಲೆ ಈ ಆಟಕ್ಕೆ ಹಲವು ಮಾದರಿಗಳಿವೆ. ರಿಕಾಲ್ ಆಡಲು ಬಿಡುವ ವಿಂಟೇಜ್ ಮಾದರಿಯಲ್ಲೂ ಡೆಕ್‌ಗೆ, ಅಂದರೆ ಒಬ್ಬ ಆಟಗಾರನ ಕಾರ್ಡ್ ಕಟ್ಟಿಗೆ, ಒಂದೇ ಒಂದು.

ಹಾಗಾದರೆ 'ಒಂದು ನೀಲಿ ಮಾನಾಗೆ ಮೂರು ಕಾರ್ಡ್' ಅನ್ನುವುದನ್ನು ಮುಂದೆ ಯಾವತ್ತೂ ಅಚ್ಚು ಹಾಕಲಿಲ್ಲವಾ? ಹಾಕಿದರು, ಮತ್ತೆ ಮತ್ತೆ ಹಾಕಿದರು. ಉಳಿದ ಖರ್ಚನ್ನು ಪ್ರತಿ ಸಲವೂ ಬೇರೆ ಜೇಬಿನಿಂದ ತೆಗೆದರು, ಅಷ್ಟೇ. 1995ರ ಐಸ್ ಏಜ್ ಸೆಟ್‌ನ ಬ್ರೇನ್‌ಸ್ಟಾರ್ಮ್ ಮೂರು ಕಾರ್ಡ್ ಕೊಡುತ್ತದೆ, ಆದರೆ ಕೈಯಿಂದ ಎರಡನ್ನು ವಾಪಸ್ ಡೆಕ್ ಮೇಲೆ ಇಡಬೇಕು. 2006ರ ಟೈಮ್ ಸ್ಪೈರಲ್‌ನ ಆನ್ಸೆಸ್ಟ್ರಲ್ ವಿಷನ್‌ಗೂ ಒಂದೇ ನೀಲಿ ಮಾನಾ ಸಾಕು, ಆದರೆ ನಾಲ್ಕು ಸರದಿ ಕಾಯಬೇಕು. ಅಲ್ಲಿ ಕೊಡುವುದು ಸಮಯವನ್ನು. 2014ರ ಖಾನ್ಸ್ ಆಫ್ ತಾರ್ಕೀರ್‌ನ ಟ್ರೆಷರ್ ಕ್ರೂಸ್‌ಗೆ ಬರೆದ ಬೆಲೆ ಎಂಟು ಮಾನಾ. ಅದರಲ್ಲಿ ಏಳನ್ನು ಗ್ರೇವ್‌ಯಾರ್ಡ್‌ನಿಂದ ಏಳು ಕಾರ್ಡ್ ಶಾಶ್ವತವಾಗಿ ತೆಗೆದು ತೀರಿಸಬಹುದು. ಈ ಗುಣದ ಹೆಸರು ಡೆಲ್ವ್.

ಟ್ರೆಷರ್ ಕ್ರೂಸ್ ಒಂದು ಕಾಮನ್ ಕಾರ್ಡ್, ಅಂದರೆ ಪ್ಯಾಕೆಟ್ ಒಡೆದವರಿಗೆ ಸುಲಭವಾಗಿ ಸಿಗುವಂಥದ್ದು. ಸೆಪ್ಟೆಂಬರ್‌ನಲ್ಲಿ ಬಂತು, ಮುಂದಿನ ಜನವರಿಯಲ್ಲಿ ಮಾಡರ್ನ್ ಮತ್ತು ಲೆಗಸಿ ಮಾದರಿ ಎರಡರಲ್ಲೂ ಬ್ಯಾನ್ ಆಯಿತು. ಕಾರಣ ಸರಳ. ಹಳೆಯ ಕಾರ್ಡ್‌ಗಳೂ ಇರುವ ಆ ಮಾದರಿಗಳಲ್ಲಿ ಗ್ರೇವ್‌ಯಾರ್ಡ್ ತಾನಾಗೇ ಬೇಗ ತುಂಬುತ್ತದೆ. ತುಂಬಿದ ಜೇಬಿನಿಂದ ತೆಗೆದರೆ ಅದು ಖರ್ಚು ಅನ್ನಿಸುವುದೇ ಇಲ್ಲ, ಅಲ್ವಾ?

ಇಲ್ಲಿಂದ ನನಗೆ ಎರಡು ಪ್ರಶ್ನೆ ಸಿಕ್ಕವು. ಯಾವ ಹೊಸ ಕಾರ್ಡ್ ಊಹಿಸಿದರೂ ಇವನ್ನೇ ಮೊದಲು ಕೇಳುತ್ತೇನೆ. ಈ ಜೇಬು ಖಾಲಿ ಆದರೆ ಆಟಗಾರನಿಗೆ ನೋವಾಗುತ್ತದಾ? ಎದುರಾಳಿ ಈ ಜೇಬಿಗೆ ಕೈ ಹಾಕಬಹುದಾ? ಎರಡಕ್ಕೂ 'ಇಲ್ಲ' ಅಂತ ಬಂದರೆ ಆ ಮೆಕ್ಯಾನಿಕ್ ತೊಂದರೆ ಕೊಡುತ್ತದೆ ಅಂತಲೇ ಲೆಕ್ಕ.

2016ರ ಕಲಾದೇಶ್ ಸೆಟ್ ನೋಡಿ. ಭಾರತದ ಬಣ್ಣ, ಬಟ್ಟೆ, ಕಟ್ಟಡಗಳಿಂದ ಸ್ಫೂರ್ತಿ ಪಡೆದ ಲೋಕ ಅದು. ಸೀರೆಯಂಥ ಉಡುಪು, ಹಿತ್ತಾಳೆ ಕುಸುರಿಯ ಯಂತ್ರಗಳು. ಚಿತ್ರ ನೋಡಿಯೇ ನಾನು ಅರ್ಧ ಸೋತಿದ್ದೆ. ಅದರಲ್ಲಿ ಎನರ್ಜಿ ಅಂತ ಹೊಸ ಜೇಬು ಕೊಟ್ಟರು. ಕಾರ್ಡ್ ಆಡಿದಾಗ ಎನರ್ಜಿ ಬರುತ್ತದೆ, ಕೂಡಿಡಬಹುದು, ಬೇಕಾದಾಗ ಖರ್ಚು ಮಾಡಬಹುದು. ಆದರೆ ಕೂಡಿಟ್ಟ ಎನರ್ಜಿಯನ್ನು ಮುಟ್ಟುವ ಕಾರ್ಡ್ ಎದುರಾಳಿಯ ಹತ್ತಿರ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. 2018ರ ಜನವರಿಯಲ್ಲಿ ಸ್ಟ್ಯಾಂಡರ್ಡ್ ಮಾದರಿಯಿಂದ ಅಟ್ಯೂನ್ ವಿತ್ ಈಥರ್ ಅನ್ನುವ ಕಾರ್ಡನ್ನು ಬ್ಯಾನ್ ಮಾಡಬೇಕಾಯಿತು. ಅದು ಮಾಡುತ್ತಿದ್ದುದು ಇಷ್ಟೇ: ಒಂದು ಹಸಿರು ಮಾನಾಗೆ ಡೆಕ್‌ನಿಂದ ಒಂದು ಲ್ಯಾಂಡ್ ಹುಡುಕಿ ಕೈಗೆ ಕೊಟ್ಟು, ಜೊತೆಗೆ ಎರಡು ಎನರ್ಜಿ. ಅಂಥ ಸಾದಾ ಕಾರ್ಡ್!

2020ರ ಇಕೋರಿಯಾದ ಕಂಪ್ಯಾನಿಯನ್ ಇನ್ನೂ ಒಂದು ಹೆಜ್ಜೆ ಮುಂದೆ. ಡೆಕ್ ಕಟ್ಟುವಾಗ ಒಂದು ಷರತ್ತು ಪಾಲಿಸಿದರೆ ಪ್ರತಿ ಆಟದಲ್ಲೂ ಒಂದು ಕಾರ್ಡ್ ಹೆಚ್ಚಿಗೆ ಕೈಯಲ್ಲಿದ್ದ ಹಾಗೆ. ಆಟ ಶುರುವಾದ ಮೇಲೆ ಅದಕ್ಕೆ ಅಂತ ಬೇರೆ ಖರ್ಚೇ ಇರಲಿಲ್ಲ. ಏಪ್ರಿಲ್‌ನಲ್ಲಿ ಸೆಟ್ ಬಂತು, ಜೂನ್‌ನಲ್ಲಿ ನಿಯಮವನ್ನೇ ಬದಲಿಸಿದರು. ಈಗ ಅದನ್ನು ಕೈಗೆ ತಂದುಕೊಳ್ಳಲು ಮೂರು ಮಾನಾ ಕೊಡಬೇಕು.

ಇನ್ನು, ಬರಲಿರುವ ಸೆಟ್ ಊಹಿಸುವ ಚಿಕ್ಕಪುಟ್ಟ ಉಪಾಯಗಳು. ಕಾರ್ಡ್‌ನ ಕೆಳಗೆ ಒಂದು ಸಂಖ್ಯೆ ಇರುತ್ತದೆ. ಸೆಟ್‌ನ ಮುಖ್ಯ ಭಾಗದಲ್ಲಿ ಮೊದಲು ಬಿಳಿ, ಆಮೇಲೆ ನೀಲಿ, ಕಪ್ಪು, ಕೆಂಪು, ಹಸಿರು. ಒಂದೊಂದು ಬಣ್ಣದೊಳಗೂ ಇಂಗ್ಲಿಷ್ ಹೆಸರಿನ ಅಕ್ಷರ ಕ್ರಮ. ಹಾಗಾಗಿ ಎರಡು ಕಾರ್ಡ್ ತೋರಿಸಿ ನಡುವೆ ಒಂದು ಸಂಖ್ಯೆ ಖಾಲಿ ಬಿಟ್ಟರೆ, ಆ ಕಾರ್ಡ್‌ನ ಬಣ್ಣವೂ ಹೆಸರಿನ ಮೊದಲ ಅಕ್ಷರವೂ ಬಹುಮಟ್ಟಿಗೆ ಗೊತ್ತಾದ ಹಾಗೆ. ಮುಖ್ಯ ವಿನ್ಯಾಸಕ ಮಾರ್ಕ್ ರೋಸ್‌ವಾಟರ್ ಪ್ರತಿ ಸೆಟ್‌ಗೂ ಮುಂಚೆ ಅರ್ಧರ್ಧ ವಾಕ್ಯಗಳ ಸುಳಿವು ಕೊಡುತ್ತಾರೆ. ಅದರಲ್ಲೂ ನಾನು ಹುಡುಕುವುದು ಬೆಲೆಯ ಮಾತನ್ನೇ. ಎರಡೆರಡು ಬಣ್ಣ ಸೇರಿದ ಹತ್ತು ಜೋಡಿಗೂ ಒಂದೊಂದು ಅನ್‌ಕಾಮನ್ ಕಾರ್ಡ್ ಸಾಮಾನ್ಯವಾಗಿ ಇರುತ್ತದೆ. ಆ ಜೋಡಿ ಈ ಸೆಟ್‌ನಲ್ಲಿ ಏನು ಮಾಡಬೇಕು ಅನ್ನುವುದನ್ನು ಅದು ಹೇಳುತ್ತದೆ. ಹತ್ತರಲ್ಲಿ ನಾಲ್ಕು ಕಂಡರೆ ಉಳಿದ ಆರನ್ನು ಊಹಿಸುವುದು ಅಷ್ಟು ಕಷ್ಟವಲ್ಲ.

ಕಂಪನಿಯೇ ಒಮ್ಮೆ ಈ ಆಟ ಆಡಿದೆ. 2007ರ ಫ್ಯೂಚರ್ ಸೈಟ್ ಸೆಟ್‌ನಲ್ಲಿ 'ಮುಂದೆ ಯಾವತ್ತೋ ಬರಬಹುದಾದ' ಕಾರ್ಡ್‌ಗಳನ್ನು ಮೊದಲೇ ಅಚ್ಚು ಹಾಕಿದರು. ತಾರ್ಮೊಗಾಯ್ಫ್ ಅನ್ನುವ ಕಾರ್ಡ್‌ನ ವಿವರಣೆಯಲ್ಲಿ ಪ್ಲೇನ್ಸ್‌ವಾಕರ್ ಅನ್ನುವ ಪದ ಇತ್ತು. ಅಂಥ ಕಾರ್ಡ್ ಆಗ ಇರಲೇ ಇಲ್ಲ. ಅದೇ ವರ್ಷ ಕೊನೆಯಲ್ಲಿ ಲೋರ್ವಿನ್ ಸೆಟ್‌ನಲ್ಲಿ ಬಂದವು. ಆಗಲೇ ಹೇಳಿದ ಡೆಲ್ವ್ ಕೂಡ ಮೊದಲು ಕಾಣಿಸಿಕೊಂಡಿದ್ದು ಫ್ಯೂಚರ್ ಸೈಟ್‌ನಲ್ಲೇ. ಅದು ಒಂದು ಸೆಟ್‌ನ ಮುಖ್ಯ ಮೆಕ್ಯಾನಿಕ್ ಆಗಲು ಏಳು ವರ್ಷ ಬೇಕಾಯಿತು. ಊಹಿಸುವ ಚಟ ಇರುವವರು ಈ ಸೆಟ್‌ನ ಕಾರ್ಡ್‌ಗಳನ್ನು ಒಂದೊಂದಾಗಿ ಓದಬೇಕು.

ಈಗ ನನ್ನದೇ ಕಾರ್ಡ್‌ನ ವಿಷಯ. ಯಾರೂ ಅಷ್ಟಾಗಿ ಕೈ ಹಾಕದ ಜೇಬು ಯಾವುದು ಅಂತ ಹುಡುಕುತ್ತಿದ್ದಾಗ ಹೊಳೆದದ್ದು ನಾಳೆಯ ಮಾನಾ. ಇವತ್ತು ಸಾಲ ಮಾಡಿ ಆಡು, ಮುಂದಿನ ಸರದಿಯಲ್ಲಿ ತೀರಿಸು. ಹೆಸರು 'ಕೈಸಾಲ' ಅಂತ ಇಟ್ಟೆ. ಪೂರ್ತಿ ಹೊಸದೇನಲ್ಲ. ಹಾರ್ತ್‌ಸ್ಟೋನ್ ಅನ್ನುವ ಇನ್ನೊಂದು ಕಾರ್ಡ್ ಆಟದಲ್ಲಿ ಇಂಥದ್ದೇ ಓವರ್‌ಲೋಡ್ ಇದೆ. ಮ್ಯಾಜಿಕ್‌ನಲ್ಲೇ ಫ್ಯೂಚರ್ ಸೈಟ್‌ನ ಪ್ಯಾಕ್ಟ್ ಕಾರ್ಡ್‌ಗಳಿವೆ. ಪ್ಯಾಕ್ಟ್ ಆಫ್ ನೆಗೇಶನ್ ಬಿಟ್ಟಿಯಾಗಿ ಮಂತ್ರ ತಡೆಯುತ್ತದೆ, ಮುಂದಿನ ಸರದಿಯಲ್ಲಿ ಐದು ಮಾನಾ ಕಟ್ಟದಿದ್ದರೆ ಆಟ ಸೋತ ಹಾಗೆ. ಅದರಲ್ಲೊಂದು ತೊಡಕು: ಅದೇ ಸರದಿಯಲ್ಲಿ ಗೆದ್ದುಬಿಟ್ಟರೆ ಸಾಲ ಕೇಳುವವರೇ ಇಲ್ಲ. ಅದಕ್ಕೇ ಕೈಸಾಲವನ್ನು ಆಟ ಮುಗಿಸುವ ಮಂತ್ರಗಳ ಮೇಲೆ ಹಾಕಲೇ ಇಲ್ಲ. ನಿಧಾನಕ್ಕೆ ಕೆಲಸ ಮಾಡುವ ಪ್ರಾಣಿಗಳ ಮೇಲೆ ಮಾತ್ರ ಇಟ್ಟೆ.

ಮೊದಲ ಕಾರ್ಡ್ ಒಂದು ಹಸಿರು ಕಾಡೆಮ್ಮೆ. ಬೆಲೆ ನಾಲ್ಕು ಮಾನಾ, ಬಲ ನಾಲ್ಕು, ತಾಳಿಕೆ ನಾಲ್ಕು, ಕೈಸಾಲ ಎರಡು. ಲೆಕ್ಕ ಹಾಕಿ ನೋಡಿ. ಎರಡನೇ ಸರದಿಯಲ್ಲಿ ಎರಡು ಲ್ಯಾಂಡ್ ಇರುತ್ತದೆ. ಎರಡು ಮಾನಾ ಸಾಲ ಮಾಡಿದರೆ ಎಮ್ಮೆ ಇಳಿಯುತ್ತದೆ. ಮೂರನೇ ಸರದಿ ಹೆಚ್ಚುಕಡಿಮೆ ಖಾಲಿ ಕೂರಬೇಕು, ಆದರೆ ಎಮ್ಮೆ ಗುದ್ದುತ್ತಲೇ ಇರುತ್ತದೆ. ಎದುರಾಳಿಗೆ ಉಸಿರಾಡಲೂ ಬಿಡುವುದಿಲ್ಲ. ಹಾಗಾಗಿ ಸಾಲದ ಮಿತಿ ಒಂದಕ್ಕೆ ಇಳಿಸಿದೆ, ಬಡ್ಡಿಯನ್ನೂ ಸೇರಿಸಿದೆ. ಒಂದು ಮಾನಾ ಸಾಲಕ್ಕೆ ಮುಂದಿನ ಸರದಿ ಎರಡು ಲ್ಯಾಂಡ್ ಕೆಲಸ ಮಾಡುವುದಿಲ್ಲ. ತಾಳಿಕೆಯನ್ನು ನಾಲ್ಕರಿಂದ ಮೂರಕ್ಕೆ ತಂದೆ. ಈ ಒಂದು ಅಂಕೆಯೇ ಕಾರ್ಡ್‌ಗೆ ಜೀವ ಕೊಟ್ಟಿದ್ದು. ತಾಳಿಕೆ ಮೂರು ಅಂದರೆ ಒಂದೇ ಮಾನಾದ ಲೈಟ್ನಿಂಗ್ ಬೋಲ್ಟ್‌ಗೆ ಎಮ್ಮೆ ಸಾಯುತ್ತದೆ. ಸಾಲ ಮಾಡಿ ತಂದ ಎಮ್ಮೆ ಸತ್ತರೂ ಸಾಲ ಹಾಗೇ ನಿಂತಿರುತ್ತದೆ. ಈಗ ಆಟಗಾರ ಸಾಲ ಮಾಡುವ ಮುಂಚೆ ಎದುರಾಳಿಯ ಕೆಂಪು ಲ್ಯಾಂಡ್ ಕಡೆ ಒಮ್ಮೆ ನೋಡುತ್ತಾನೆ. ನನಗೆ ಬೇಕಾಗಿದ್ದು ಅದೇ.

ಪರೀಕ್ಷೆಗೆ ದೊಡ್ಡ ಸಾಮಾನೇನೂ ಬೇಡ. ಹಾಳೆ ಕತ್ತರಿಸಿ ಪೆನ್ಸಿಲ್‌ನಲ್ಲಿ ಬರೆದು, ಸ್ಲೀವ್ (ಕಾರ್ಡ್‌ನ ಪ್ಲಾಸ್ಟಿಕ್ ಕವರ್) ಒಳಗೆ ಯಾವುದಾದರೂ ಲ್ಯಾಂಡ್ ಕಾರ್ಡ್ ಮೇಲೆ ಸಿಕ್ಕಿಸಿ, ಡೆಕ್ ಜೊತೆ ಕಲಸುತ್ತೇನೆ. ಪೆನ್ಸಿಲ್ಲೇ ಯಾಕೆ ಅಂದರೆ ಅಂಕೆ ಅಳಿಸಿ ಬರೆಯುವುದೇ ಅರ್ಧ ಕೆಲಸ. ಮ್ಯಾಜಿಕ್ ಸೆಟ್ ಎಡಿಟರ್ ಅನ್ನುವ ಉಚಿತ ತಂತ್ರಾಂಶದಲ್ಲಿ ನಿಜವಾದ ಕಾರ್ಡ್ ಥರವೇ ಮಾಡಬಹುದು. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಚಂದ ಕಾಣುವ ಕಾರ್ಡನ್ನು ತಿದ್ದಲು ಮನಸ್ಸು ಬರುವುದಿಲ್ಲ.

ಮೊದಲು ಸಾಲದ ಗುರುತನ್ನು ಲ್ಯಾಂಡ್ ಮೇಲೇ ಇಡುತ್ತಿದ್ದೆವು, ಒಂದೊಂದಕ್ಕೆ ಒಂದೊಂದು ಶರ್ಟ್ ಗುಂಡಿ. ನನ್ನ ಗೆಳೆಯನ ಡೆಕ್‌ನಲ್ಲಿ ಗೋಲ್ಗಾರಿ ರಾಟ್ ಫಾರ್ಮ್ ಇತ್ತು. ಅದನ್ನು ಇಳಿಸಿದಾಗ ನಮ್ಮದೇ ಒಂದು ಲ್ಯಾಂಡನ್ನು ಕೈಗೆ ವಾಪಸ್ ತೆಗೆದುಕೊಳ್ಳಬೇಕು. ಅವನು ನಾಲ್ಕನೇ ಸರದಿಯಲ್ಲಿ ಮೊದಲು ಮೂರೇ ಲ್ಯಾಂಡ್‌ನಲ್ಲಿ ಸಾಲ ಮಾಡಿ ಎಮ್ಮೆ ಇಳಿಸಿದ. ಆಮೇಲೆ ರಾಟ್ ಫಾರ್ಮ್ ಇಟ್ಟು, ಗುಂಡಿ ಇದ್ದ ಲ್ಯಾಂಡನ್ನೇ ಕೈಗೆ ಎತ್ತಿಕೊಂಡ. ಗುಂಡಿ ಮೇಜಿನ ಮೇಲೆ ಉಳಿಯಿತು. "ಈಗ ಅರ್ಧ ಸಾಲ ಮನ್ನಾ ಕಣೋ" ಅಂದ. ಮ್ಯಾಜಿಕ್‌ನ ನಿಯಮವೂ ಅವನ ಕಡೆಗೇ. ಕಾರ್ಡ್ ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋದರೆ ಅದು ಹೊಸ ವಸ್ತು, ಹಳೆಯದರ ನೆನಪಿಲ್ಲ.

ಹಾಗಾಗಿ ಸಾಲವನ್ನು ಲ್ಯಾಂಡ್ ಮೇಲಿಂದ ತೆಗೆದು ಆಟಗಾರನ ಮೇಲೇ ಹೊರಿಸಿದೆ. ಈಗಿನ ಬರಹ ಹೀಗಿದೆ: 'ಕೈಸಾಲ ಒಂದು: ಈ ಕಾರ್ಡನ್ನು ಒಂದು ಮಾನಾ ಕಡಿಮೆ ಕೊಟ್ಟು ಆಡಬಹುದು. ಹಾಗೆ ಮಾಡಿದರೆ, ನಿಮ್ಮ ಮುಂದಿನ ಅಪ್‌ಕೀಪ್ ಶುರುವಿನಲ್ಲಿ ನಿಮ್ಮ ಎರಡು ಲ್ಯಾಂಡ್ ಟ್ಯಾಪ್ ಮಾಡಿ.' ಅಪ್‌ಕೀಪ್ ಅಂದರೆ ಸರದಿಯ ಶುರುವಿನಲ್ಲಿ ಲ್ಯಾಂಡ್‌ಗಳು ಅನ್‌ಟ್ಯಾಪ್ ಆದ ಮೇಲೆ, ಅಂದರೆ ಮತ್ತೆ ನೆಟ್ಟಗಾದ ಮೇಲೆ, ಹೊಸ ಕಾರ್ಡ್ ಎತ್ತುವ ಮೊದಲು ಬರುವ ಹಂತ.

ಇದರಲ್ಲೂ ಗೆಳೆಯ ಒಂದು ಸಂದಿ ಹುಡುಕಿದ್ದಾನೆ. ಅಪ್‌ಕೀಪ್‌ನಲ್ಲಿ ಸಾಲ ವಸೂಲಿ ಆಗುವುದಕ್ಕೆ ಮೊದಲೇ ಆ ಲ್ಯಾಂಡ್‌ಗಳನ್ನು ಟ್ಯಾಪ್ ಮಾಡಿ, ಸಿಕ್ಕ ಮಾನಾದಿಂದ ಬೋಲ್ಟ್‌ನಂಥ ಇನ್‌ಸ್ಟಂಟ್ (ಯಾರ ಸರದಿಯಲ್ಲಾದರೂ ಥಟ್ಟನೆ ಹಾಕಬಹುದಾದ ಮಂತ್ರ) ಹಾಕಬಹುದು. ಇದನ್ನು ಮುಚ್ಚಲೇಬೇಕು, ಅನ್‌ಟ್ಯಾಪ್ ಆಗುವಾಗಲೇ ತಡೆಯುವ ಹಾಗೆ ಬರೆ ಅನ್ನುತ್ತಾನೆ ಅವನು. ನಾನು ಬಿಡೋಣ ಅನ್ನುತ್ತೇನೆ. ಹೊಸ ಕಾರ್ಡ್ ಎತ್ತುವ ಮೊದಲೇ, ಎದುರಿಗೆ ಏನು ಬರುತ್ತದೆ ಅಂತ ಗೊತ್ತಿಲ್ಲದೆ ಬೋಲ್ಟ್ ಖರ್ಚು ಮಾಡುವುದೂ ಒಂದು ಬೆಲೆಯೇ ತಾನೇ? ಅವನು ಒಪ್ಪಿಲ್ಲ. ಮುಂದಿನ ಭಾನುವಾರ ಅವನು ಕೆಂಪು-ಹಸಿರು ಡೆಕ್ ತರುತ್ತಾನಂತೆ, ನಾಲ್ಕು ಬೋಲ್ಟ್ ಹಾಕಿಕೊಂಡು.