ಲಾಗ್ ಫೈಲ್ ಓದಿ ಅಡಿಕೆ ಮಷಿನ್ ಮಾರಿದ್ದು

ದಾವಣಗೆರೆಯ ಒಂದು ಅಡಿಕೆ ಸುಲಿಯುವ ಮಷಿನ್ ಅಂಗಡಿಯ ವೆಬ್‌ಸೈಟ್ ನನ್ನ ಕೈಗೆ ಬಂದಾಗ ತಿಂಗಳಿಗೆ ಆರು ಸಾವಿರದ ಹತ್ತಿರ ವಿಸಿಟ್ ತೋರಿಸುತ್ತಿತ್ತು. ಫೋನ್ ಮಾತ್ರ ಬರುತ್ತಿರಲಿಲ್ಲ. ಮುಂಚೆ ನೋಡಿಕೊಳ್ಳುತ್ತಿದ್ದವರು ಸರ್ವರ್ ಲಾಗ್ (ಯಾವ ಐಪಿ ಯಾವ ಫೈಲ್ ಕೇಳಿತು ಅನ್ನೋ ದಾಖಲೆ) ಎಣಿಸುವ ಎಡಬ್ಲ್ಯೂಸ್ಟ್ಯಾಟ್ಸ್‌ನಲ್ಲಿ ವಿಸಿಟ್ ಬಿಟ್ಟು ಹಿಟ್ಸ್ ಕಾಲಂ ಪ್ರಿಂಟ್ ತೆಗೆದು ಕೊಟ್ಟು, ಜಾಹೀರಾತು ಸೇರಿಸಿ ಹದಿನೈದು ಸಾವಿರ ಬಿಲ್ ಮಾಡುತ್ತಿದ್ದರು. ಸರ್ವರ್‌ನಿಂದ ಕೇಳುವ ಒಂದೊಂದು ಫೈಲೂ ಒಂದು ಹಿಟ್. ಆ ಮುಖಪುಟ ಒಂದು ಸಲ ತೆರೆದರೆ ಫೋಟೋ, ಸಿಎಸ್‌ಎಸ್ (ಪುಟದ ವಿನ್ಯಾಸದ ಫೈಲ್) ಎಲ್ಲ ಸೇರಿ ಐವತ್ತು ಹಿಟ್! ಇನ್ನೇನು ಹೇಳೋದು.

ಗೂಗಲ್ ಅನಲಿಟಿಕ್ಸ್, ಅಂದರೆ ಜಿಎ4 ಹಾಕಿದೆ. ಸಂಖ್ಯೆ ಸಾವಿರದ ಆಸುಪಾಸಿಗೆ ಇಳಿಯಿತು. ಊರಿನ ಪಟ್ಟಿಯಲ್ಲಿ ಮುಕ್ಕಾಲು ಪಾಲು ಬೆಂಗಳೂರು. ಹಾಗಾದರೆ ಜಾಹೀರಾತು ಅಲ್ಲಿಗೇ ತಿರುಗಿಸಿ ಅಂತ ಮಾಲೀಕರ ಮಗ ಹಟ ಹಿಡಿದ. ಸುಮಾರು ಎಂಟು ಸಾವಿರ ನೀರಿಗೆ ಹೋಯಿತು. ಎರಡೋ ಮೂರೋ ಫೋನ್ ಬಂದವು, ಅದರಲ್ಲಿ ಒಬ್ಬ ಕೆಲಸ ಕೇಳಿದವನು. ಮಾಲೀಕರು ಕೇಳಿದ್ದು ಒಂದೇ ಮಾತು: "ಬೆಂಗಳೂರಿನೋರು ಅಡಿಕೆ ಸುಲಿಯೋ ಮಷಿನ್ ಇಟ್ಕೊಂಡು ಏನ್ ಮಾಡ್ತಾರ್ರೀ?"

ಸರಿಯಾದ ಪ್ರಶ್ನೆ. ಅನಲಿಟಿಕ್ಸ್ ಊರು ಹೇಳೋದು ಐಪಿ, ಅಂದರೆ ನೆಟ್‌ವರ್ಕ್ ವಿಳಾಸ ನೋಡಿ. ಚನ್ನಗಿರಿಯಲ್ಲಿ ಕೂತು ಮೊಬೈಲ್ ಡೇಟಾದಲ್ಲಿ ನೋಡಿದವನ ಐಪಿ ಎಷ್ಟೋ ಸಲ ಬೆಂಗಳೂರಿನ ಲೆಕ್ಕಕ್ಕೆ ಬೀಳುತ್ತದೆ.

ಆಮೇಲೆ ಹೋಸ್ಟಿಂಗ್ ನೋಡಿಕೊಳ್ಳುವ ಸಿಪ್ಯಾನಲ್‌ನಿಂದ ರಾ ಲಾಗ್ ಇಳಿಸಿಕೊಂಡೆ. ಇದು ಹಳೇ ಕಾಲದ ಕೆಲಸ, ಸುಮ್ನೆ ಟೈಮ್ ವೇಸ್ಟ್ ಅಂತ ಇದೇ ಫೀಲ್ಡಿನ ಗೆಳೆಯರು ನಕ್ಕರು. ಗ್ರೆಪ್, ಸಾರ್ಟ್, ಯುನೀಕ್ ಅನ್ನೋ ಲಿನಕ್ಸ್ ಕಮಾಂಡ್‌ಗಳು, ಮೇಲೆ ಲಾಗ್ ಓದುವ ಗೋಆಕ್ಸೆಸ್. ಖರ್ಚು ಸೊನ್ನೆ. ಗೂಗಲ್‌ಬಾಟ್, ಏಹ್ರೆಫ್ಸ್, ಸೆಮ್‌ರಷ್, ಪೆಟಲ್‌ಬಾಟ್ ಹೆಸರಿನ ಬಾಟ್‌ಗಳ (ತಾವೇ ಪುಟ ಓದಿ ಹೋಗುವ ಪ್ರೋಗ್ರಾಂಗಳ) ಸಾಲುಗಳನ್ನು ತೆಗೆದರೇ ಅರ್ಧಕ್ಕಿಂತ ಜಾಸ್ತಿ ಖಾಲಿ. ಕ್ರೋಮ್ ವೇಷ ಹಾಕಿಕೊಂಡು ಬರುವವೇ ತಲೆನೋವು. ಪುಟ ಎತ್ತಿಕೊಂಡು ಹೋಗುತ್ತವೆ, ಫೋಟೋ, ಸಿಎಸ್‌ಎಸ್ ಮುಟ್ಟುವುದಿಲ್ಲ. ಆ ಐಪಿಗಳನ್ನೂ ಕಿತ್ತೆ. ಕೊನೆಯ ಜರಡಿ ಇನ್ನೊಂದಿದೆ. ಅದನ್ನು ಇಲ್ಲಿ ಬರೆಯಲ್ಲ, ಹೊಟ್ಟೆಪಾಡು.

ಉಳಿದದ್ದು ಏಳುನೂರು ಚಿಲ್ಲರೆ ವಿಸಿಟ್. ಅವರಲ್ಲಿ ಬಹಳ ಜನ ಮುಖಪುಟಕ್ಕೇ ಬಂದಿಲ್ಲ! ರಾತ್ರಿ ಎಂಟರಿಂದ ಹತ್ತರೊಳಗೆ ನೇರವಾಗಿ ಬ್ಲೇಡ್, ಬೆಲ್ಟ್‌ನ ಸ್ಪೇರ್ ಪುಟಕ್ಕೆ, ಅಲ್ಲಿಂದ ರೇಟಿಗೆ. ಜಾಹೀರಾತಿನ ದುಡ್ಡೆಲ್ಲ ಮುಖಪುಟಕ್ಕೆ ಸುರಿಯುತ್ತಿದ್ದರು, ಅಲ್ವಾ!

ಊರು ತಿಳಿಯಲು ವಾಟ್ಸಾಪ್ ಬಟನ್ ಹಿಡಿದೆ. ಬಟನ್ ಒತ್ತಿದರೆ ಮೊದಲೇ ಬರೆದಿಟ್ಟ ಮೆಸೇಜ್ ತೆರೆಯುತ್ತದೆ: "ಬ್ಲೇಡ್ ಬೇಕು, ಬಿ-2, ನಮ್ಮ ಊರು ___". ಬಿ-2 ಅಂದರೆ ಯಾವ ಪುಟ ಅಂತ ನನಗೆ ಗೊತ್ತು. ಊರನ್ನು ಅವರೇ ತುಂಬಿದರು. ಚನ್ನಗಿರಿ, ಹೊಳಲ್ಕೆರೆ, ಭೀಮಸಮುದ್ರ, ಹೊನ್ನಾಳಿ. ಬೆಂಗಳೂರು ಒಂದೂ ಇಲ್ಲ. ಬಟನ್ ನೇರ ವಾಟ್ಸಾಪಿಗೆ ಹಾರಿದರೆ ನಮ್ಮ ಲಾಗ್‌ನಲ್ಲಿ ಗುರುತು ಉಳಿಯಲ್ಲ. ನಮ್ಮದೇ ಚಿಕ್ಕ ಪುಟವೊಂದರ ಮೇಲಿಂದ ದಾಟಿಸಿ.

ನಡುವೆ ಇನ್ನೊಂದು ಆಟ ಆಡಿದೆ. ಲಾಗ್‌ನಲ್ಲಿ ಯೂಸರ್ ಏಜೆಂಟ್ (ಬಂದದ್ದು ಯಾವ ಬ್ರೌಸರ್, ಆ್ಯಪ್ ಅನ್ನೋ ಹೆಸರು) ಜಾಗದಲ್ಲಿ 'ವಾಟ್ಸಾಪ್/2' ಅಂತ ಶುರುವಾಗುವ ಸಾಲುಗಳಿರುತ್ತವೆ. ಯಾರೋ ನಮ್ಮ ಲಿಂಕ್ ಪೇಸ್ಟ್ ಮಾಡಿದಾಗ ಪ್ರಿವ್ಯೂಗಾಗಿ ಬರುವ ಸಾಲು ಅದು. ಬಾಟ್ ಅಂತ ಬಿಸಾಡುತ್ತೇವೆ. ನಾನು ಬೇರೆ ಎಣಿಸಿದೆ. ರೇಟ್ ಪುಟ ಹಾಗೆ ಪೇಸ್ಟ್ ಆದ ಎರಡು ಮೂರು ದಿನದಲ್ಲಿ ಅದೇ ಕೋಡಿನ ಮೆಸೇಜ್ ಬರುತ್ತಿತ್ತು. ಬಿಲ್ಲಿನ ಹಿಂದೆ ಕ್ಯೂಆರ್ ಹಾಕಿಸಿದ್ದು ಮಾತ್ರ ದಂಡ. ಸಾವಿರದ ಇನ್ನೂರು ಪ್ರಿಂಟಿಂಗಿಗೆ ಹೋಯಿತು, ಸ್ಕ್ಯಾನ್ ಆಗಿದ್ದು ಐದಾರು.

ಈಗ ಜಾಹೀರಾತು ನಾಲ್ಕೈದು ಸಾವಿರದಲ್ಲಿ ಮುಗಿಯುತ್ತದೆ, ಸ್ಪೇರ್ ಪುಟಕ್ಕೆ, ದಾವಣಗೆರೆ, ಚಿತ್ರದುರ್ಗ ಈ ಎರಡು ಜಿಲ್ಲೆಗೆ ಮಾತ್ರ. ಕೊಯ್ಲಿನ ಕಾಲದಲ್ಲಿ ತಿಂಗಳಿಗೆ ನಲವತ್ತರ ಹತ್ತಿರ ವಿಚಾರಣೆ. ಬ್ಲೇಡ್ ಕೇಳಿ ಬಂದವರೇ ಕಳೆದ ಸೀಸನ್‌ನಲ್ಲಿ ಎಂಟೊಂಬತ್ತು ಹೊಸ ಮಷಿನ್ ಒಯ್ದರು. ನಕ್ಕ ಗೆಳೆಯನೊಬ್ಬ ಈಗ ತನ್ನ ಪಂಪ್‌ಸೆಟ್ ಗಿರಾಕಿಯ ಲಾಗ್ ಕಳಿಸಿದ್ದಾನೆ. ಫೀಸ್ ಹೇಳಿದ್ದೇನೆ.

ಎಡಬ್ಲ್ಯೂಸ್ಟ್ಯಾಟ್ಸ್‌ಗೂ ಜಿಎ4ಗೂ ಲೆಕ್ಕ ಕೂಡಿಸಲು ಹೋಗಬೇಡಿ. ಒಂದು ವಿಸಿಟ್ ಮುಗಿಯಲು ಅದು ಒಂದು ಗಂಟೆ ಕಾಯುತ್ತದೆ, ಇದು ಅರ್ಧ ಗಂಟೆ. ಸಿಪ್ಯಾನಲ್‌ನಲ್ಲಿ ಲಾಗ್ ಆರ್ಕೈವ್ ಮಾಡುವ ಟಿಕ್ ಇದೆಯಾ ಅಂತ ಇವತ್ತೇ ನೋಡಿ. ಇಲ್ಲದಿದ್ದರೆ ಹಳೇ ಲಾಗ್ ಅಳಿಸಿ ಹೋಗಿರುತ್ತದೆ, ಹೋಸ್ಟಿಂಗ್‌ನವರನ್ನು ಕೇಳಿದರೂ ಸಿಗೋದು ಕಷ್ಟ.