ಪೆನ್ನು ತುರುಕೋದನ್ನ ಮಗಳು ಕಲಿತಿದ್ದು ನಮ್ಮಿಂದಲೇ

ಕೋಲಾರದ ಗೌರಿಪೇಟೆಯಲ್ಲಿ ನಮ್ಮದು ಮಾವನವರ ಕಾಲದ ಮನೆ. ಹಳೇ ಸ್ವಿಚ್‌ಬೋರ್ಡುಗಳೆಲ್ಲ ನನ್ನ ಭುಜದೆತ್ತರಕ್ಕಿವೆ. ಟಿವಿ ಬಂದಾಗ ಒಂದು, ಆಮೇಲೆ ಮಂಚದ ಪಕ್ಕ ಫೋನ್ ಚಾರ್ಜಿಗೆ ಅಂತ ಎರಡು, ನೆಲದಿಂದ ಒಂದಡಿ ಮೇಲೆ ಸೇರಿಕೊಂಡವು. ಮಗಳು ಅಂಬೆಗಾಲಿಡೋ ತನಕ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೊದಲು ಸಾಕೆಟ್‌ಗೆ ಸಿಕ್ಕಿಸೋ ಪ್ಲಾಸ್ಟಿಕ್ ಮುಚ್ಚಳಗಳನ್ನ ತರಿಸಿದೆ. ಎರಡನೇ ದಿನಕ್ಕೇ ಒಂದನ್ನ ಉಗುರಲ್ಲಿ ಎಬ್ಬಿಸಿ ಬಾಯಿಗೆ ಹಾಕಿಕೊಂಡಿದ್ದಳು. ಕರೆಂಟಿನ ಭಯದ ಜೊತೆಗೆ ಗಂಟಲಲ್ಲಿ ಸಿಕ್ಕೋ ಭಯವೂ ಸೇರಿತು. ಅತ್ತೆ ಬೇರೆ, "ನಾವು ಮಕ್ಕಳನ್ನ ಸಾಕಿಲ್ವೇನಮ್ಮಾ, ಆಗೆಲ್ಲಿತ್ತು ಈ ಮುಚ್ಚಳ?" ಅಂದರು. ಆಗ ಬೋರ್ಡು ಮೇಲಿತ್ತಲ್ಲ ಅಂತ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ.

ಒಂದೂವರೆ ವರ್ಷದವಳಿದ್ದಾಗ ಒಂದು ಸಂಜೆ ಟಿವಿ ಸ್ಟ್ಯಾಂಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವರಪ್ಪನ ಬಾಲ್‌ಪೆನ್ನನ್ನ ಸಾಕೆಟ್ಟಿನ ಮೇಲಿನ ದೊಡ್ಡ ತೂತಿಗೆ ತುರುಕುತ್ತಿದ್ದಳು. ಸರಿಯಾಗಿ ಅದೇ ತೂತಿಗೆ. ತುರುಕಿ, ಭೇಷ್ ಅನ್ನಲಿ ಅಂತ ನನ್ನ ಮುಖ ನೋಡಿದಳು. ನಮ್ಮನೆಯವರು ದಿನಾ ಮಾಡೋದು ಅದನ್ನೇ. ಮೂರು ತೂತಿನ ಸಾಕೆಟ್ಟಿಗೆ ಎರಡು ಪಿನ್ನಿನ ಚಾರ್ಜರ್ ಹೋಗದಿದ್ದರೆ, ಮೇಲಿನ ಅರ್ತಿನ ತೂತಿಗೆ ಪೆನ್ನು ಒತ್ತಿ ಒಳಗಿನ ಶಟರ್, ಅಂದರೆ ತೂತು ಮುಚ್ಚೋ ಪ್ಲಾಸ್ಟಿಕ್ ಪರದೆ, ತೆರೆಯೋದು. ಉದ್ದನೆಯ ಅರ್ತ್ ಪಿನ್ನು ಮೊದಲು ಒಳಗೆ ಹೋದರೆ ಮಾತ್ರ ಕೆಳಗಿನ ಎರಡು ತೂತು ತೆರೀಲಿ ಅಂತಲೇ ಆ ಶಟರ್ ಇಟ್ಟಿರೋದು. ಅದನ್ನ ಮೀರೋ ಉಪಾಯವನ್ನ ಮಗುವಿಗೆ ನಾವೇ ಹೇಳಿಕೊಟ್ಟಿದ್ದೆವು. ಪ್ಲಾಸ್ಟಿಕ್ ಪೆನ್ನು, ಅರ್ತಿನ ತೂತು, ಏನೂ ಆಗಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಹೇರ್‌ಪಿನ್ ಇದ್ದಿದ್ದರೆ?

ಮಾರನೇ ದಿನ ಎಲೆಕ್ಟ್ರಿಷಿಯನ್ ಹುಡುಗನ್ನ ಕರೆಸಿದೆ. ಒಂದೊಂದು ತೂತಿಗೂ ಟಾರ್ಚ್ ಬಿಟ್ಟು ನೋಡಿದ. ಒಳಗೆ ಪ್ಲಾಸ್ಟಿಕ್ ಪರದೆ ಕಂಡರೆ ಶಟರ್ ಇದೆ, ಹಿತ್ತಾಳೆ ಹೊಳೆದರೆ ಇಲ್ಲ. ಸಂತೆಯಲ್ಲಿ ತಂದ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಬರೀ ಹಿತ್ತಾಳೆ; ಅದು ಅವತ್ತೇ ಗುಜರಿಗೆ ಹೋಯ್ತು. ಮಂಚದ ಪಕ್ಕದ ಒಂದು ಸಾಕೆಟ್ಟಿನಲ್ಲಿ ಸ್ವಿಚ್ ಆಫ್ ಇದ್ದರೂ ಟೆಸ್ಟರ್ ಉರಿಯಿತು. ಕರೆಂಟು ತರೋ ಫೇಸ್ ವೈರಿಗೆ ಬದಲು, ಅದು ವಾಪಸ್ ಹೋಗೋ ನ್ಯೂಟ್ರಲ್ ವೈರಿಗೆ ಸ್ವಿಚ್ ಕೊಟ್ಟಿದ್ದರಂತೆ. ಅಂದರೆ ರಾತ್ರಿ ಎಲ್ಲ ಸ್ವಿಚ್ ಆಫ್ ಮಾಡಿ ನೆಮ್ಮದಿಯಾಗಿ ಮಲಗುತ್ತಿದ್ದದ್ದು ಸುಳ್ಳು ನೆಮ್ಮದಿ.

"ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗೋ ಎಂಸಿಬಿ ಸ್ವಿಚ್ ಇದೆಯಲ್ಲಪ್ಪಾ?" ಅಂದೆ. "ಅದು ವೈರು ಸುಡದ ಹಾಗೆ ನೋಡ್ಕೊಳ್ಳುತ್ತೆ ಅಕ್ಕಾ, ಮನುಷ್ಯರನ್ನಲ್ಲ" ಅಂದ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಪೂರ್ತಿ ವಾಪಸ್ ಬರದೆ ಮೈಮೂಲಕ ನೆಲಕ್ಕೆ ಸೋರಿದರೆ, ಕಣ್ಣು ಮಿಟುಕಿಸೋದರೊಳಗೆ ಲೈನ್ ಕಡಿಯುತ್ತೆ. ಒಂದು ಕೈ ಫೇಸಿಗೆ, ಇನ್ನೊಂದು ನ್ಯೂಟ್ರಲ್ಲಿಗೆ ತಗುಲಿದರೆ ಮಾತ್ರ ಅದಕ್ಕೂ ಗೊತ್ತಾಗಲ್ಲ. ಹಾಗಾಗಿ ಕೆಳಗಿನ ಮೂರು ಬೋರ್ಡನ್ನೂ ಮೇಲಕ್ಕೆ ಏರಿಸಿದ್ದಾಯ್ತು. ಗೋಡೆ ಕೊರೆದ ಗಾರೆ ಗುಡಿಸೋಕೆ ಎರಡು ದಿನ ಹಿಡೀತು.

ಹಾಕಿಸಿದ ವಾರದಲ್ಲೇ ಮನೇಲಿ ಜಗಳ. ಅತ್ತೆ ಗ್ರೈಂಡರ್ ಹಾಕಿದಾಗೆಲ್ಲ ಆರ್‌ಸಿಸಿಬಿ ಬಿದ್ದು ಮನೆಯಿಡೀ ಕತ್ತಲೆ. ಇನ್ನೊಬ್ಬ ಎಲೆಕ್ಟ್ರಿಷಿಯನ್ ಬಂದು, "ಬೈಪಾಸ್ ಮಾಡ್ಕೊಟ್ಟು ಬಿಡ್ಲಾ ಮೇಡಂ?" ಅಂದ. ಬೇಡ ಅಂದೆ. ಗ್ರೈಂಡರ್ ಬಿಚ್ಚಿಸಿದರೆ ಒಳಗಿನ ವೈರು ಸವೆದು ಅದರ ಹೊರಮೈಗೆ ತಾಗುತ್ತಿತ್ತು. ಹಿಟ್ಟು ತಿರುವುವಾಗ ಅತ್ತೆಗೆ ಜುಮ್ಮೆನ್ನುತ್ತಿದ್ದದ್ದು ಕೈ ನೋವಲ್ಲ, ಕರೆಂಟು! ಅವತ್ತಿನಿಂದ ಅತ್ತೆ ನನ್ನ ಪಕ್ಷ.

ಯುಪಿಎಸ್ ಇದ್ದವರು ಇದೊಂದು ಗಮನಿಸಿ: ಮೇನ್ ಆಫ್ ಮಾಡಿದರೂ ಯುಪಿಎಸ್ ಲೈನಿನ ಸಾಕೆಟ್ಟುಗಳಲ್ಲಿ ಕರೆಂಟ್ ಇರುತ್ತೆ. ಎರಡನ್ನೂ ಎಲ್ಲಿ ಆಫ್ ಮಾಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ತೋರಿಸಿಟ್ಟಿದ್ದೀನಿ. ಕರೆಂಟು ಹಿಡಿದುಕೊಂಡ ಮಗುವನ್ನ ಬರಿಗೈಲಿ ಎಳೆಯಬಾರದು ಅಂತಲೂ ಹೇಳಿಟ್ಟಿದ್ದೀನಿ.

ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಬೀಳುತ್ತಾ ಅಂತ ನೋಡ್ತೀನಿ. ಸೋರಿದ ಕರೆಂಟನ್ನ ನೆಲಕ್ಕಿಳಿಸೋ ಹಿತ್ತಲಿನ ಅರ್ತಿಂಗ್ ಗುಂಡಿ ಅತ್ತೆಯ ಪಾಲು. ಮಣ್ಣು ಒಣಗಿದರೆ ಅರ್ತಿಂಗ್ ಸರಿಯಾಗಿ ಕೆಲಸ ಮಾಡಲ್ಲ ಅಂತ ಆ ಹುಡುಗ ಹೇಳಿದ್ದನ್ನ ಅವರು ಮರೆತಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕಾಯಬೇಕು; ಅದಕ್ಕೆ ಅಕ್ಕಿ ತೊಳೆದ ನೀರನ್ನ ಚೊಂಬಲ್ಲಿ ತುಂಬಿಕೊಂಡು ಹೋಗಿ ಅಲ್ಲಿಗೆ ಸುರೀತಾರೆ. ಮಗಳು ಸೆರಗು ಹಿಡಿದುಕೊಂಡು ಹಿಂದೆ ಹಿಂದೆ.