ಪಿರೇರಾ: ಒಂದು ಉಪನಾಮದ ಬೇರನ್ನು ಹುಡುಕುವ ಕ್ರಮ

ಪೋರ್ಚುಗೀಸ್ ಉಪನಾಮಗಳ ಮೂಲ ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಒಂದೇ ಕಡೆ ಎಡವುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಹೆಸರಿನ ಅರ್ಥ ಗೊತ್ತಾದ ಕೂಡಲೇ ವಂಶದ ಚರಿತ್ರೆಯೇ ಗೊತ್ತಾಯಿತೆಂದು ಅವರು ಭಾವಿಸುತ್ತಾರೆ. ಇಲ್ಲವೇ ಅದೇ ಹೆಸರಿನ ಯಾವನೋ ಪ್ರಸಿದ್ಧ ಪುರುಷನನ್ನು ತಮ್ಮ ಮೂಲಪುರುಷನೆಂದು ಬರೆದುಕೊಂಡುಬಿಡುತ್ತಾರೆ. ಉಪನಾಮ ನಮಗೆ ತಿಳಿಸುವುದು ಒಂದು ಪದದ ಹುಟ್ಟನ್ನು, ಹೆಚ್ಚೆಂದರೆ ಒಂದು ಊರಿನ ಸುಳಿವನ್ನು. ಯಾರು ಯಾರ ಮಗ ಎಂಬುದನ್ನು ತಿಳಿಸುವುದು ಚರ್ಚಿನ ದಾಖಲೆ ಪುಸ್ತಕ. ಈ ಎರಡು ಕೆಲಸಗಳನ್ನು ಬೆರೆಸದೆ ಮಾಡುವುದು ಹೇಗೆಂದು ಪಿರೇರಾ ಎಂಬ ಒಂದೇ ಹೆಸರನ್ನು ಹಿಡಿದು ವಿವರಿಸುತ್ತೇನೆ. ಒಲಿವೇರಾ, ಸಿಕ್ವೇರಾ, ಡಿಸೋಜ ಮೊದಲಾದ ಹೆಸರುಗಳಿಗೂ ಇದೇ ಕ್ರಮ ಹೊಂದುತ್ತದೆ.

ಮೊದಲು ಕಾಗುಣಿತ

ಹೆಸರಿನ ಎಲ್ಲ ರೂಪಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಲಿಸ್ಬನ್ನಿನ ಉಚ್ಚಾರಣೆ ಪೆರೈರ ಎಂಬುದಕ್ಕೆ ಹತ್ತಿರವಾದದ್ದು. ಮಂಗಳೂರಿನಲ್ಲಿ ಅದು ಪಿರೇರಾ, ಶ್ರೀಲಂಕಾದಲ್ಲಿ ಪೆರೇರಾ, ಫ್ರಾನ್ಸಿನಲ್ಲಿ ಪೆರೇರ್. ಅರ್ಜೆಂಟೀನಾದಲ್ಲಿ ನಡುವಿನ 'ಐ' ಅಕ್ಷರದ ಬದಲು 'ವೈ' ಬರೆಯುವ ರೂಢಿ ಹೆಚ್ಚು. ಅಮೆರಿಕದ ಮ್ಯಾಸಚೂಸೆಟ್ಸ್ ಕಡೆಗೆ ವಲಸೆ ಹೋದ ಎಷ್ಟೋ ಪೋರ್ಚುಗೀಸ್ ಕುಟುಂಬಗಳು ಇದನ್ನು ಪೆರಿ ಎಂದು ಬದಲಾಯಿಸಿಕೊಂಡವು. ಸ್ಪೇನಿನ ಪೆರೆಸ್, ಪೋರ್ಚುಗಲ್ಲಿನ ಪಿರೆಸ್ ಎಂಬ ಹೆಸರುಗಳನ್ನು ಮಾತ್ರ ಈ ಪಟ್ಟಿಗೆ ಸೇರಿಸಬೇಡಿ. ಅವು 'ಪೇರೊ, ಅಂದರೆ ಪೆದ್ರೊ ಎಂಬುವನ ಮಗ' ಎಂಬ ಅರ್ಥದವು. ಕಲ್ಲುಗಣಿ ಎಂಬ ಅರ್ಥದ ಪೆದ್ರೈರ ಕೂಡ ಬೇರೆಯೇ ಹೆಸರು.

ಪದದ ಅರ್ಥ

ಲ್ಯಾಟಿನ್ ಭಾಷೆಯ 'ಪಿರುಮ್' ಎಂಬ ಹಣ್ಣಿನ ಹೆಸರು ಪೋರ್ಚುಗೀಸಿನಲ್ಲಿ 'ಪೆರ' ಆಯಿತು. ಅದಕ್ಕೆ 'ಐರ' ಎಂಬ ಪ್ರತ್ಯಯ ಸೇರಿದರೆ ಆ ಹಣ್ಣು ಬಿಡುವ ಮರ. ಒಲಿವ ಬಿಡುವುದು ಒಲಿವೈರ, ಅಂಜೂರವಾದ ಫಿಗೊ ಬಿಡುವುದು ಫಿಗೈರ ಎಂಬಂತೆಯೇ ಇದೂ. ನಮ್ಮ ಕರಾವಳಿಯ ಅನೇಕರು ಪಿರೇರಾ ಎಂದರೆ ಪೇರಳೆ ಮರ ಎಂದು ಅರ್ಥ ಹೇಳುತ್ತಾರೆ, ಇದು ತಪ್ಪು. ಪೇರಳೆ ಅಮೆರಿಕ ಖಂಡದ ಗಿಡ, ಕೊಲಂಬಸನ ಯಾನಕ್ಕೆ ಮುಂಚೆ ಐಬೀರಿಯದಲ್ಲಿ, ಅಂದರೆ ಸ್ಪೇನ್ ಪೋರ್ಚುಗಲ್‌ಗಳಲ್ಲಿ, ಅದು ಇರಲೇ ಇಲ್ಲ. ಈ ಉಪನಾಮವಾದರೋ ಅದಕ್ಕಿಂತ ಶತಮಾನಗಳಷ್ಟು ಹಳೆಯದು. ಹೆಸರಿನಲ್ಲಿರುವುದು ಪೇರ್ ಹಣ್ಣಿನ, ಅಂದರೆ ಮರಸೇಬಿನ ಮರ.

ಮರದಿಂದ ಊರಿಗೆ

ಮರವೇ ನೇರವಾಗಿ ಮನುಷ್ಯನ ಹೆಸರಾದದ್ದಲ್ಲ. ನಡುವೆ ಒಂದು ಊರಿದೆ. ಹುಣಸೆಯಿಂದ ಹುಣಸೂರು, ಹುಣಸೂರಿನಿಂದ ಅಲ್ಲಿಯವನ ಹೆಸರಿನ ಮೊದಲಕ್ಷರ ಬರುವ ನಮ್ಮ ರೂಢಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಮರಸೇಬಿನ ಮರದಿಂದ ಗುರುತಿಸಲಾಗುತ್ತಿದ್ದ ಜಾಗಗಳು ಪೋರ್ಚುಗಲ್ಲಿನಲ್ಲೂ ಅದರ ಉತ್ತರಕ್ಕಿರುವ ಸ್ಪೇನಿನ ಗಲೀಸಿಯದಲ್ಲೂ ಹಲವಾರು ಇವೆ. ಪೋರ್ಚುಗಲ್ಲಿನ ಬಾರ್ಸೆಲುಸ್, ಮಿರಾಂದೆಲ, ಮೊಂತೆಮೊರ್-ಒ-ವೆಲ್ಯೊ ಎಂಬ ಮೂರು ಬೇರೆ ಬೇರೆ ತಾಲ್ಲೂಕುಗಳಲ್ಲಿ ಇಂದಿಗೂ ಪೆರೈರ ಎಂಬ ಊರುಗಳಿವೆ. ಆದ್ದರಿಂದ ಈ ಹೆಸರು ಹಲವು ಕಡೆ, ಪರಸ್ಪರ ಸಂಬಂಧವಿಲ್ಲದೆ ಹುಟ್ಟಿಕೊಂಡಿತು. ಎಲ್ಲ ಪಿರೇರಾಗಳಿಗೂ ಒಬ್ಬನೇ ಮೂಲಪುರುಷನನ್ನು ಹುಡುಕುವವರು ಸಿಗದ ವಸ್ತುವನ್ನು ಹುಡುಕುತ್ತಿದ್ದಾರೆ.

ಊರಿನ ಹೆಸರು ಮನೆತನದ ಹೆಸರಾಗಿ ನೆಲೆಯಾದ ಬಗೆಯನ್ನು ಕಣ್ಣಾರೆ ನೋಡಬೇಕೆಂದರೆ 14ನೇ ಶತಮಾನದ ಮೂರು ತಲೆಮಾರುಗಳನ್ನು ಸಾಲಾಗಿ ಬರೆಯಿರಿ. ಬ್ರಾಗದ ಆರ್ಚ್‌ಬಿಷಪ್ ಆಗಿದ್ದವನು ಗೊನ್ಸಾಲೊ ಪೆರೈರ. ಅವನ ಮಗ ಆಲ್ವರೊ ಗೊನ್ಸಾಲ್ವೆಸ್ ಪೆರೈರ. ಅವನ ಮಗ ನುನೊ ಆಲ್ವರೆಸ್ ಪೆರೈರ. ನಡುವಿನ ಹೆಸರು ಪ್ರತಿ ತಲೆಮಾರಿಗೂ ಬದಲಾಗುತ್ತಿದೆ, ಏಕೆಂದರೆ ಗೊನ್ಸಾಲ್ವೆಸ್ ಎಂದರೆ ಗೊನ್ಸಾಲೊನ ಮಗ, ಆಲ್ವರೆಸ್ ಎಂದರೆ ಆಲ್ವರೊನ ಮಗ. ಕೊನೆಯ ಹೆಸರು ಕದಲದೆ ನಿಂತಿದೆ, ಅದು ಮನೆತನದ ನೆಲದ ಹೆಸರು. ನಮ್ಮಲ್ಲಿ ಈಗ ಕುಟುಂಬದ ಹೆಸರುಗಳಾಗಿ ಸ್ಥಿರವಾಗಿರುವ ಫರ್ನಾಂಡಿಸ್, ರೊಡ್ರಿಗಸ್, ಗೊನ್ಸಾಲ್ವಿಸ್, ಲೋಪಿಸ್ ಎಲ್ಲವೂ ಮೂಲತಃ ಹೀಗೆ ತಂದೆಯ ಹೆಸರಿನಿಂದ ಬಂದವು.

ಈ ನುನೊ 1385ರ ಆಗಸ್ಟ್ 14ರಂದು ಅಲ್ಜುಬರೋಟ ಕದನದಲ್ಲಿ, ಇಂದಿನ ಸ್ಪೇನಿನ ಭಾಗವಾದ ಕ್ಯಾಸ್ಟೀಲ್ ರಾಜ್ಯದ ಸೈನ್ಯವನ್ನು ಸೋಲಿಸಿದ ಸೇನಾನಿ. ಮುಂದೆ ಲಿಸ್ಬನ್ನಿನಲ್ಲಿ ತಾನೇ ಕಟ್ಟಿಸಿದ ಕಾರ್ಮೊ ಮಠದಲ್ಲಿ ಸನ್ಯಾಸಿಯಾಗಿ 1431ರಲ್ಲಿ ತೀರಿಕೊಂಡ. 2009ರಲ್ಲಿ ಅವನನ್ನು ಸಂತನೆಂದು ಘೋಷಿಸಲಾಯಿತು. ಅವನ ಮಗಳ ಮೂಲಕ ಪೋರ್ಚುಗಲ್ಲಿನ ಬ್ರಗಾನ್ಸ ರಾಜವಂಶ ಬೆಳೆಯಿತು. ಪಿರೇರಾ ಎಂದೊಡನೆ ಜನ ಇವನನ್ನೇ ಹಿಡಿದುಕೊಳ್ಳುವುದಕ್ಕೆ ಕಾರಣ ಈ ಕೀರ್ತಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ನನಗೆ ಪರಿಚಯವಿರುವ ಒಂದು ಮನೆಯ ಪಡಸಾಲೆಯಲ್ಲಿ ಕೆಂಪು ಹಿನ್ನೆಲೆಯ ಮೇಲೆ ಹೂವಿನ ತುದಿಗಳುಳ್ಳ ಬೆಳ್ಳಿಯ ಶಿಲುಬೆಯ ಲಾಂಛನವನ್ನು ಕಟ್ಟುಹಾಕಿಸಿ ತೂಗುಹಾಕಿದ್ದಾರೆ. 'ನಿಮ್ಮ ಕುಟುಂಬದ ಲಾಂಛನ' ಎಂದು ಹೇಳಿ ಅದನ್ನು ಅವರಿಗೆ ಮಾರಿದವರು ಒಳ್ಳೆಯ ಬೆಲೆಯನ್ನೇ ತೆಗೆದುಕೊಂಡಿದ್ದರು. ಆ ಲಾಂಛನವೇನೋ ನಿಜವಾದದ್ದು, ಆದರೆ ಅದು ಸೇರುವುದು ನುನೊನ ಶ್ರೀಮಂತ ಮನೆತನಕ್ಕೆ. ಲಾಂಛನ ಒಂದು ವಂಶಕ್ಕೆ ಕೊಟ್ಟ ಗೌರವ. ಆ ಉಪನಾಮವಿರುವ ಎಲ್ಲರಿಗೂ ಅದು ಹಂಚಿಕೆಯಾಗುವುದಿಲ್ಲ. ಕಪ್, ಫಲಕ, ಕೀಲಿಗೊಂಚಲುಗಳ ಮೇಲೆ ಇದನ್ನು ಅಚ್ಚೊತ್ತಿ ಮಾರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ದಾಖಲೆ ಪುಸ್ತಕ ಓದುವುದು: ಎಲ್ಲರೂ ಕೆಡಿಸುವ ಹಂತ

1563ರಲ್ಲಿ ಮುಗಿದ, ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯ ನಂತರ ಪೋರ್ಚುಗಲ್ಲಿನ ಚರ್ಚುಗಳಲ್ಲಿ ಜ್ಞಾನಸ್ನಾನ, ಮದುವೆಗಳನ್ನು, ಕ್ರಮೇಣ ಮರಣಗಳನ್ನೂ ಬರೆದಿಡುವುದು ವ್ಯವಸ್ಥಿತವಾಯಿತು. 1911ರಲ್ಲಿ ಸರ್ಕಾರಿ ನೋಂದಣಿ ಎಲ್ಲರಿಗೂ ಕಡ್ಡಾಯವಾಗುವವರೆಗೂ ಈ ಪುಸ್ತಕಗಳೇ ನಮ್ಮ ಮುಖ್ಯ ಆಧಾರ. ಲಿಸ್ಬನ್ನಿನ ತೊರ್ರೆ ದು ತೊಂಬು ರಾಷ್ಟ್ರೀಯ ಪತ್ರಾಗಾರ ಮತ್ತು ಜಿಲ್ಲಾ ಪತ್ರಾಗಾರಗಳು ಇವುಗಳ ಬಹುಭಾಗದ ಚಿತ್ರಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿವೆ. ಹಣ ಕಟ್ಟಿಸಿಕೊಳ್ಳುವ ವಂಶಾವಳಿ ತಾಣಗಳಿಗೆ ಹೋಗುವ ಮೊದಲು ಇವನ್ನು ನೋಡಿ.

ಹೆಚ್ಚಿನವರು ಜ್ಞಾನಸ್ನಾನದ ಪುಸ್ತಕದಿಂದ ಆರಂಭಿಸುತ್ತಾರೆ. ನೀವು ಮದುವೆಯ ಪುಸ್ತಕದಿಂದಲೇ ಆರಂಭಿಸಿ. ಇದು ನನ್ನ ಖಚಿತ ಸಲಹೆ. ಕಾರಣವಿಷ್ಟೆ: ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿಗೆ ಉಪನಾಮವೇ ಇರುವುದಿಲ್ಲ. ಇಂಥ ದಿನ, ಇಂಥವರ ಮಗನಾದ ಮನುವೆಲ್ ಎಂಬುವನಿಗೆ ಜ್ಞಾನಸ್ನಾನ ಕೊಟ್ಟೆನೆಂದು ಪಾದ್ರಿ ಬರೆದಿರುತ್ತಾನೆ, ಅಷ್ಟೆ. ಆ ಮನುವೆಲ್ ಮುಂದೆ ತಂದೆಯ ಉಪನಾಮ ಇಟ್ಟುಕೊಂಡನೋ, ತಾಯಿಯದನ್ನೋ, ಅಜ್ಜಿಯದನ್ನೋ, ಧರ್ಮಪಿತನದನ್ನೋ (ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊರುವವನು) ಎಂಬುದು ಅವನ ಮದುವೆಯ ದಾಖಲೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಮದುವೆಯ ದಾಖಲೆಯಲ್ಲಿ ವರನ ಮತ್ತು ವಧುವಿನ ತಂದೆತಾಯಿಯರ ಹೆಸರು ಹಾಗೂ ಅವರ ಊರು ಸಾಮಾನ್ಯವಾಗಿ ಸಿಗುತ್ತವೆ. ಅಲ್ಲಿಂದ ಹಿಂದಕ್ಕೆ ನಡೆದರೆ ದಾರಿ ತಪ್ಪುವುದಿಲ್ಲ.

ಹಳೆಯ ಪೋರ್ಚುಗಲ್ಲಿನಲ್ಲಿ ಉಪನಾಮ ತಂದೆಯಿಂದ ಮಗನಿಗೆ ತಾನಾಗಿಯೇ ಇಳಿದು ಬರುತ್ತಿರಲಿಲ್ಲ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಅಂತೋನಿಯೊ ಪೆರೈರ, ಇನ್ನೊಬ್ಬ ಜುಜೆ ಫ್ರಾನ್ಸಿಸ್ಕೊ, ಮಗಳು ಮರಿಯ ದಿ ಜೆಸೂಸ್ ಎಂದಾಗಿರುವುದು ತೀರಾ ಸಾಮಾನ್ಯ. ಹೆಣ್ಣುಮಕ್ಕಳಿಗೆ ಯೇಸುವಿನ ಹೆಸರನ್ನೋ ಮಾತೆ ಮರಿಯಳ ಬಿರುದನ್ನೋ ಉಪನಾಮದ ಜಾಗದಲ್ಲಿ ಇಡುವ ರೂಢಿ ಬಹುಕಾಲ ಇತ್ತು. ಆದ್ದರಿಂದ ಸೂಚಿಯಲ್ಲಿ ಪಿರೇರಾ ಎಂದಿರುವ ಸಾಲುಗಳನ್ನಷ್ಟೇ ಆರಿಸಿಕೊಂಡು ಸರಪಳಿ ಕಟ್ಟಿದರೆ, ಬೇರೆ ಯಾರದೋ ಕುಟುಂಬವನ್ನು ನಿಮ್ಮದೆಂದು ಬರೆದುಕೊಳ್ಳುತ್ತೀರಿ. ಹೆಸರನ್ನು ನೆಚ್ಚಿಕೊಳ್ಳದೆ, ತಂದೆ ತಾಯಿ ಇಬ್ಬರ ಜೋಡಿಯನ್ನೂ ಅವರು ವಾಸವಿದ್ದ ಹಳ್ಳಿಯನ್ನೂ ಗುರುತಾಗಿ ಹಿಡಿಯಿರಿ. ಈ ಮೂರೂ ತಾಳೆಯಾಗದ ದಾಖಲೆಯನ್ನು ಎಷ್ಟೇ ಆಸೆಯಾದರೂ ಪಕ್ಕಕ್ಕಿಡಿ. 18ನೇ ಶತಮಾನದಿಂದ ಈಚೆಗೆ ಹಲವು ಕಡೆ ಜ್ಞಾನಸ್ನಾನದ ದಾಖಲೆಯಲ್ಲೇ ಅಜ್ಜ ಅಜ್ಜಿಯರ ಹೆಸರುಗಳೂ ಬರುತ್ತವೆ. ಸಂಶಯ ಬಂದಾಗ ಅವುಗಳನ್ನು ಒರೆಗೆ ಹಚ್ಚಿ ನೋಡಬಹುದು.

ಇನ್ನು ಕೈಬರಹ. ಪಾದ್ರಿಗಳು ಕಾಗದ ಉಳಿಸಲು ಹೆಸರುಗಳನ್ನು ಮೊಟಕುಗೊಳಿಸಿ ಬರೆಯುತ್ತಿದ್ದರು. ಪೆರೈರ ಎಂಬುದು 'ಪಿ', 'ಆರ್' ಎಂಬ ಎರಡೇ ಅಕ್ಷರಗಳಾಗಿ, ಅವುಗಳ ನೆತ್ತಿಯ ಮೇಲೆ ಒಂದು ಪುಟ್ಟ 'ಎ' ಕುಳಿತಿರುತ್ತದೆ. ಕಬ್ಬಿಣದ ಕೆಲಸಕ್ಕೆ ಸಂಬಂಧಿಸಿದ ಫೆರೈರ ಎಂಬ ಇನ್ನೊಂದು ಉಪನಾಮವೂ ಹೀಗೆಯೇ ಮೊಟಕಾಗಿ ಬರುತ್ತದೆ, ಅದರ ಮೊದಲಕ್ಷರ 'ಎಫ್'. ಹಕ್ಕಿಯ ಗರಿಯ ಲೇಖನಿಯಲ್ಲಿ ಅವಸರದಿಂದ ಬರೆದ 'ಪಿ' ಮತ್ತು 'ಎಫ್' ನಡುವಿನ ವ್ಯತ್ಯಾಸ ಎಷ್ಟೋ ಸಲ ಒಂದು ಸಣ್ಣ ಅಡ್ಡಗೆರೆ ಮಾತ್ರ. ನಾನು ಮಾಡುವ ಉಪಾಯ ಹೀಗಿದೆ: ಅದೇ ಪುಟದಲ್ಲಿ ಅದೇ ಪಾದ್ರಿ ಬರೆದ ಪೆದ್ರೊ ಮತ್ತು ಫ್ರಾನ್ಸಿಸ್ಕೊ ಎಂಬ ಹೆಸರುಗಳನ್ನು ಹುಡುಕಿ, ಅವುಗಳ ಮೊದಲ ಅಕ್ಷರವನ್ನು ದೊಡ್ಡದು ಮಾಡಿ ಪಕ್ಕದಲ್ಲಿಟ್ಟು ಹೋಲಿಸುತ್ತೇನೆ. ಆ ಪುಟದಲ್ಲಿ ಸಿಗದಿದ್ದರೆ ಹಿಂದಿನ ಹತ್ತು ಪುಟಗಳಲ್ಲಿ ಸಿಕ್ಕೇ ಸಿಗುತ್ತದೆ. ರೊಡ್ರಿಗಸ್ ಎಂಬುದನ್ನು ರೊಯಿಜ್ ಎಂದೂ, ಮನುವೆಲ್ ಎಂಬುದನ್ನು ಬರೀ 'ಎಂ' ಮತ್ತು ಮೇಲೊಂದು 'ಇಎಲ್' ಎಂದೂ ಬರೆಯುತ್ತಿದ್ದರು. ಕಂಪ್ಯೂಟರ್ ತಾನಾಗಿ ಓದಿ ತಯಾರಿಸಿದ ಸೂಚಿಗಳು ಇಂಥ ಕಡೆಯೇ ಸೋಲುತ್ತವೆ. ಅವುಗಳಿಂದ ಪುಟವನ್ನು ಪತ್ತೆಮಾಡಿಕೊಳ್ಳಿ, ಓದುವ ಕೆಲಸವನ್ನು ನಿಮ್ಮ ಕಣ್ಣಿನಿಂದಲೇ ಮಾಡಿ.

ಮರದ ಹೆಸರಿದ್ದರೆ ಯಹೂದಿ ಮೂಲವೇ?

ಮರಗಿಡಗಳ ಉಪನಾಮಗಳೆಲ್ಲ ಬಲವಂತದ ಮತಾಂತರಕ್ಕೊಳಗಾದ ಯಹೂದಿಗಳವು ಎಂಬ ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ಸೆಫಾರ್ದಿ, ಅಂದರೆ ಸ್ಪೇನ್ ಪೋರ್ಚುಗಲ್ ಮೂಲದ, ಯಹೂದಿಗಳ ವಂಶಜರಿಗೆ ಪೌರತ್ವ ನೀಡುವ ಕಾನೂನುಗಳು ಪೋರ್ಚುಗಲ್ಲಿನಲ್ಲಿ 2013ರಲ್ಲೂ ಸ್ಪೇನಿನಲ್ಲಿ 2015ರಲ್ಲೂ ಬಂದ ಮೇಲೆ ಉಪನಾಮಗಳ ಪಟ್ಟಿಗಳು ಇನ್ನಷ್ಟು ಹಬ್ಬಿದವು. ನಡೆದದ್ದೇನೆಂದರೆ, 1497ರಲ್ಲಿ ದೊರೆ ಮನುವೆಲ್ ಪೋರ್ಚುಗಲ್ಲಿನ ಯಹೂದಿಗಳನ್ನು ಬಲವಂತವಾಗಿ ಕ್ರೈಸ್ತರನ್ನಾಗಿಸಿದಾಗ ಅವರು ಸುತ್ತಲಿನ ಜನರಲ್ಲಿ ಆಗಲೇ ಬಳಕೆಯಲ್ಲಿದ್ದ ಹೆಸರುಗಳನ್ನೇ ಇಟ್ಟುಕೊಂಡರು. ಪಿರೇರಾ ಅವುಗಳಲ್ಲೊಂದು. ಕಿವುಡ ಮಕ್ಕಳಿಗೆ ಮಾತು ಕಲಿಸಿ ಫ್ರಾನ್ಸಿನಲ್ಲಿ ಹೆಸರಾದ, 1715ರಲ್ಲಿ ಹುಟ್ಟಿದ ಜಾಕೊಬ್ ರೊಡ್ರಿಗಸ್ ಪೆರೇರ್ ಆ ಪರಂಪರೆಯವನು. 1852ರಲ್ಲಿ ಪ್ಯಾರಿಸ್ಸಿನಲ್ಲಿ ಕ್ರೆದಿ ಮೊಬಿಲಿಯೆ ಬ್ಯಾಂಕನ್ನು ಸ್ಥಾಪಿಸಿದ ಪೆರೇರ್ ಸಹೋದರರು ಅವನ ಮೊಮ್ಮಕ್ಕಳು. ಹೀಗೆ ಯಹೂದಿ ಪಿರೇರಾಗಳು ಖಂಡಿತ ಇದ್ದರು, ಆದರೆ ಅದಕ್ಕೂ ನೂರಾರು ವರ್ಷ ಮುಂಚಿನಿಂದ ಕ್ರೈಸ್ತ ಪಿರೇರಾಗಳೂ ಇದ್ದರು. ಹೆಸರೊಂದರಿಂದಲೇ ಇದನ್ನು ನಿರ್ಧರಿಸಲಾಗದು. ವಂಶಾವಳಿಯ ದಾಖಲೆಯೋ, ಧರ್ಮದ್ರೋಹವನ್ನು ವಿಚಾರಿಸುತ್ತಿದ್ದ ಇನ್ಕ್ವಿಸಿಶನ್ ಎಂಬ ಚರ್ಚಿನ ನ್ಯಾಯಾಲಯದ ಕಡತವೋ ಬೇಕು. ಆ ಕಡತಗಳಲ್ಲಿ ಸಾವಿರಾರು ತೊರ್ರೆ ದು ತೊಂಬುವಿನಲ್ಲೇ ಇವೆ.

ಇಂದು ಎಲ್ಲೆಲ್ಲಿ

ಪೋರ್ಚುಗಲ್ಲಿನ ಅತಿ ಸಾಮಾನ್ಯವಾದ ಹತ್ತು ಉಪನಾಮಗಳಲ್ಲಿ ಪಿರೇರಾ ಒಂದು. ಬ್ರೆಜಿಲ್ಲಿನ 2022ರ ಜನಗಣತಿಯ ಪ್ರಕಾರ ಅಲ್ಲಿ ಈ ಹೆಸರಿನವರು 60 ಲಕ್ಷಕ್ಕೂ ಹೆಚ್ಚು. ವಲಸೆ ಹೋದವರ ಜೊತೆಗೆ, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರಿಗೂ ಮೂಲನಿವಾಸಿಗಳಿಗೂ ಪೋರ್ಚುಗೀಸ್ ಹೆಸರುಗಳನ್ನು ಇಟ್ಟದ್ದು ಇದಕ್ಕೆ ಕಾರಣ. ಆಫ್ರಿಕದ ದ್ವೀಪರಾಷ್ಟ್ರ ಕೇಪ್ ವರ್ಡೆಯ ಮೊದಲ ಅಧ್ಯಕ್ಷ ಅರಿಸ್ತಿದೆಸ್ ಪೆರೈರ. 1505ರಿಂದ 1658ರವರೆಗೆ ಪೋರ್ಚುಗೀಸರ ಪ್ರಭಾವದಲ್ಲಿದ್ದ ಶ್ರೀಲಂಕಾದಲ್ಲಿ ಪೆರೇರಾ ಎಂಬ ಹೆಸರು ಇಂದು ಬೌದ್ಧರಲ್ಲೂ ಧಾರಾಳವಾಗಿದೆ. ಭೂಪಟಗಳನ್ನು ನೋಡುವಾಗ ಒಟ್ಟು ಸಂಖ್ಯೆಯನ್ನು ನಂಬಬೇಡಿ, ಸಾವಿರಕ್ಕೆ ಎಷ್ಟು ಮಂದಿ ಎಂಬುದನ್ನು ನೋಡಿ. ಬ್ರೆಜಿಲ್ಲಿನ ಜನಸಂಖ್ಯೆ ಪೋರ್ಚುಗಲ್ಲಿನ ಸುಮಾರು ಇಪ್ಪತ್ತು ಪಟ್ಟು. ಸ್ಪೇನಿನ ರಾಷ್ಟ್ರೀಯ ಅಂಕಿಅಂಶ ಸಂಸ್ಥೆಯ ತಾಣದಲ್ಲಿ ಯಾವುದೇ ಉಪನಾಮವನ್ನು ಪ್ರಾಂತ್ಯವಾರು ನೋಡಬಹುದು. ಸ್ಪೇನಿನಲ್ಲಿ ತಂದೆಯ ಉಪನಾಮ ಮೊದಲು, ತಾಯಿಯದು ಆಮೇಲೆ; ಪೋರ್ಚುಗಲ್ಲಿನ ರೂಢಿ ಇದಕ್ಕೆ ವಿರುದ್ಧ. ಎಣಿಕೆಗಳನ್ನು ಹೋಲಿಸುವಾಗ ಇದನ್ನು ಮರೆತರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮಂಗಳೂರಿನ ಪಿರೇರಾಗಳಿಗೆ

1510ರಲ್ಲಿ ಗೋವಾ ಪೋರ್ಚುಗೀಸರ ವಶವಾದ ಮೇಲೆ ಜ್ಞಾನಸ್ನಾನ ಪಡೆದ ಕೊಂಕಣಿ ಕುಟುಂಬಗಳಿಗೆ ಪಾದ್ರಿಯ ಅಥವಾ ಧರ್ಮಪಿತನ ಉಪನಾಮ ಬರುತ್ತಿತ್ತು. ಅಲ್ಲಿಂದ ಕೆನರಾಕ್ಕೆ, ಅಂದರೆ ನಮ್ಮ ಕರಾವಳಿಗೆ, ಇಳಿದು ಬಂದವರು ಅದನ್ನು ಜೊತೆಗೆ ತಂದರು. ಹಾಗಾಗಿ ನಿಮ್ಮ ಸರಪಳಿ ಪೋರ್ಚುಗಲ್ಲಿನ ಊರಿಗೆ ಹೋಗಿ ಮುಟ್ಟದೆ ಗೋವಾದ ಒಂದು ಹಳ್ಳಿಯಲ್ಲಿ ಮುಗಿಯುವ ಸಾಧ್ಯತೆಯೇ ಹೆಚ್ಚು. ಮನೆಯ ಹಿರಿಯರನ್ನು ಕೇಳಿ: ಪ್ರಭು, ಕಾಮತ್, ಪೈ, ಶೆಣೈ ಎಂಬ ಹಳೆಯ ಹೆಸರು ಎಷ್ಟೋ ಕುಟುಂಬಗಳ ನೆನಪಿನಲ್ಲಿ ಇನ್ನೂ ಉಳಿದಿದೆ. 1967ರಲ್ಲಿ ಉಡುಪಿಯಿಂದ ಲೋಕಸಭೆಗೆ ಆಯ್ಕೆಯಾದ ಜೆ. ಎಂ. ಲೋಬೊ ಪ್ರಭು ಅವರ ಹೆಸರಿನಲ್ಲಿ ಎರಡೂ ಅಕ್ಕಪಕ್ಕದಲ್ಲೇ ನಿಂತಿವೆ. ಆ ಹಳೆಯ ಹೆಸರನ್ನೂ ಪೂರ್ವಜರ ಗೋವಾದ ಹಳ್ಳಿಯನ್ನೂ ಬರೆದುಕೊಂಡ ಮೇಲೆ ದಾಖಲೆಗಳಲ್ಲಿ ಧರ್ಮಪಿತನ ಹೆಸರಿರುವ ಸಾಲನ್ನು ಪ್ರತಿಸಲವೂ ನಕಲು ಮಾಡಿಕೊಳ್ಳಿ. ಜೊತೆಗೆ ಚರ್ಚು, ವರ್ಷ, ಹಾಳೆಯ ಸಂಖ್ಯೆ, ಆ ಸಾಲು ಹಾಳೆಯ ಮುಂಬದಿಯಲ್ಲಿದೆಯೋ ಹಿಂಬದಿಯಲ್ಲಿದೆಯೋ ಎಂಬುದನ್ನೂ ಗುರುತು ಹಾಕಿ. ಹಳೆಯ ಪುಸ್ತಕಗಳಲ್ಲಿ ಹಾಳೆಯ ಒಂದೇ ಬದಿಗೆ ಸಂಖ್ಯೆ ಇರುವುದರಿಂದ, ಈ ಗುರುತಿಲ್ಲದೆ ಅದೇ ಸಾಲನ್ನು ಇನ್ನೊಮ್ಮೆ ಹುಡುಕುವುದು ಕಷ್ಟ.